ಅತ್ತೆಯ ಪಾಲಿನ ಸ್ನಾನ

ಲತೀಫಾ ಅವರ ಮೈಗೆ ಸಾಬೂನು ಹಚ್ಚಿ ಆಗಿತ್ತು. ಅಷ್ಟರಲ್ಲಿ ನಲ್ಲಿ ನಿಂತುಹೋಯಿತು.

ನಾನು ಅವರ ಅಡುಗೆಮನೆಯಲ್ಲಿದ್ದೆ. ಬಕೆಟ್ಟು ತುಂಬಿಸಿ ತುಂಬಿಸಿ ಒಳಗೆ ಕೊಡುವುದು ನನ್ನ ಕೆಲಸ. ಮೂರನೆಯ ಬಕೆಟ್ಟಿಗೆ ನಲ್ಲಿ ತಿರುಗಿಸಿದರೆ ಒಂದು ಗುಟುಕಿನಷ್ಟು ನೀರು ಬಂತು, ಆಮೇಲೆ ಬರೀ ಗಾಳಿ. ಗೇಟಿನ ಹತ್ತಿರದ ಮೀಟರು ದಿನದ ಮುನ್ನೂರೈವತ್ತು ಲೀಟರ್ ಮುಗಿಯಿತೆಂದು ಬಾಯಿ ಮುಚ್ಚಿಕೊಂಡಿತ್ತು. ಅದು ಮತ್ತೆ ಬಾಯಿ ಬಿಡುವುದು ಮಾರನೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ. ಮಣ್ಣು ಮಾಡುವುದಕ್ಕೆ ಅಂದೇ ಮಧ್ಯಾಹ್ನ ಹೊತ್ತು ಗೊತ್ತಾಗಿತ್ತು.

ಒಳಗೆ ಹೋಗಿ ಹೇಳಿದೆ. ನನ್ನ ಅತ್ತೆ ಗಾವಾ ಎರಡೂ ಕೈಯಲ್ಲಿ ನೊರೆ ಹಿಡಿದುಕೊಂಡು ನಿಂತಿದ್ದರು. ಹೆಣ ತೊಳೆಯುವ ಕೆಲಸವನ್ನು ಐವತ್ತೆರಡು ವರ್ಷ ಮಾಡಿದವರು, ಅಂಥದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ. ಹೊದಿಸಿದ ಬಟ್ಟೆಯ ಕೆಳಗೆ ಲತೀಫಾ ಅವರ ಕಾಲ್ಬೆರಳಿನ ಮೇಲೆ ನೊರೆ ಒಣಗುತ್ತಾ ಬಂತು. ನಾನೂ ಬೀದಿಯ ಹೆಂಗಸರೂ ಮನೆಮನೆಗೆ ಓಡಿ, ಅವರಿವರ ಕೈಕಾಲು ಹಿಡಿದು, ನಾಲ್ಕು ಬಕೆಟ್ಟು ನೀರು ಒಟ್ಟು ಮಾಡುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅತ್ತೆ ಕೂರಲಿಲ್ಲ, ಕೈ ಒರೆಸಿಕೊಳ್ಳಲಿಲ್ಲ. 

ಮನೆಗೆ ಬರುವ ದಾರಿಯಲ್ಲಿ ಕೇಳಿದೆ. "ಮಾ, ಅವರ ಮನೇಲಿ ಇರೋದು ಮೂರೇ ಜನ. ಬೆಳಿಗ್ಗೆ ಹತ್ತಕ್ಕೆಲ್ಲ ಮುನ್ನೂರೈವತ್ತು ಲೀಟರ್ ಹೆಂಗೆ ಖಾಲಿ ಆಯ್ತು?"

"ಬಂದೋರು ನಮಾಜಿಗೆ ಕೈಕಾಲು ಮುಖ ತೊಳೆದು ವುಜೂ ಮಾಡ್ಲಿಲ್ವೇನೇ? ಅಳೋಕೆ ಬಂದೋರಿಗೆ ಚಾ ಕಾಸ್ಲಿಲ್ವಾ? ಸಾವಿನ ಮನೇಲಿ ಮೊದ್ಲು ಮುಗಿಯೋದೇ ನೀರು. ಲೆಕ್ಕ ಹಾಕೋರು ಮನೇಲಿರೋರನ್ನ ಎಣಿಸ್ತಾರೆ, ಬರೋರನ್ನ ಎಣಿಸಲ್ಲ."

ಲೆಕ್ಕ ಹಾಕುವವರು ಎಂದರೆ ನಾನೇ. ಚುಚ್ಚಿದರೋ, ಸುಮ್ಮನೆ ಹೇಳಿದರೋ ಗೊತ್ತಾಗಲಿಲ್ಲ. ಅವರು ಚುಚ್ಚುವಾಗಲೂ ದನಿ ಎತ್ತುತ್ತಿರಲಿಲ್ಲ.

ಇದು ಕೇಪ್‌ಟೌನಿನಲ್ಲಿ ನೀರು ಬತ್ತಿದ ಬೇಸಿಗೆಯ ಮಾತು. ಫೆಬ್ರವರಿಯಿಂದ ತಲೆಗೆ ದಿನಕ್ಕೆ ಐವತ್ತು ಲೀಟರ್ ಎಂದು ಕಟ್ಟು ಮಾಡಿದ್ದರು; ಮನೆಯಲ್ಲಿ ಎಷ್ಟೇ ಜನವಿರಲಿ, ಮುನ್ನೂರೈವತ್ತಕ್ಕೆ ಮೀಟರೇ ಮುಚ್ಚಿಕೊಳ್ಳುತ್ತಿತ್ತು. ಏಪ್ರಿಲಿನಲ್ಲಿ ನಲ್ಲಿಗಳೇ ನಿಲ್ಲುತ್ತವೆ, ಆಮೇಲೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಬೇಕು ಎಂದು ರೇಡಿಯೋ ದಿನವೂ ಹೆದರಿಸುತ್ತಿತ್ತು. ಆಗ್ನೇಯದ ಗಾಳಿ ಬೀಸಿ ಬೀಸಿ ಅಂಗಳದ ಮಣ್ಣೆಲ್ಲ ಅಡುಗೆಮನೆಗೆ ಬರುತ್ತಿತ್ತು. ನಾನು ಶಾಲೆಯಲ್ಲಿ ಆರನೇ ತರಗತಿಗೆ ಲೆಕ್ಕ ಹೇಳಿಕೊಡುವವಳು. ಆ ತಿಂಗಳು ಮಕ್ಕಳಿಗೆ ಮನೆಗೆಲಸವಾಗಿ ಕೊಟ್ಟದ್ದೂ ನೀರಿನ ಲೆಕ್ಕವನ್ನೇ: ದಿನದ ಸ್ನಾನದಿಂದ ಮನೆಯ ನೀರಿನ ಖರ್ಚನ್ನು ಅಂದಾಜು ಮಾಡಿ. ಶವರಿನ ಕೆಳಗೆ ಹತ್ತು ಲೀಟರಿನ ಬಕೆಟ್ಟಿಡಿ, ತುಂಬಲು ಎಷ್ಟು ಸೆಕೆಂಡು ನೋಡಿ, ನಿಮಿಷಕ್ಕೆಷ್ಟು ಲೀಟರ್ ಎಂದು ತೆಗೆಯಿರಿ, ಎಷ್ಟು ನಿಮಿಷ ಮೀಯುತ್ತೀರೋ ಅದರಿಂದ, ಎಷ್ಟು ಜನವೋ ಅದರಿಂದ ಗುಣಿಸಿರಿ. ಸ್ನಾನದ ಖರ್ಚು ಮನೆಯ ನೀರಿನ ಮೂರರಲ್ಲೊಂದು ಪಾಲು ಎಂದಿಟ್ಟುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ. ತೌರೀಕ್ ಎಂಬ ಹುಡುಗ ಬರೆದುಕೊಂಡು ಬಂದಿದ್ದ: "ನಮ್ಮ ಅಪ್ಪ ಸ್ನಾನ ಮಾಡುವುದಿಲ್ಲ, ಅತ್ತರು ಹಚ್ಚಿಕೊಳ್ಳುತ್ತಾರೆ. ಆದ್ದರಿಂದ ಒಟ್ಟು ನೀರು ಸೊನ್ನೆ." ಅವನಿಗೆ ಪೂರ್ತಿ ಅಂಕ ಕೊಟ್ಟೆ.

ಮನೆಯಲ್ಲಿ ಮಾತ್ರ ನಗುವ ಮಾತಿರಲಿಲ್ಲ. ನಮ್ಮ ಶವರಿಗೆ ಬಕೆಟ್ಟು ತುಂಬಲು ಎಂಬತ್ತೈದು ಸೆಕೆಂಡು, ಅಂದರೆ ನಿಮಿಷಕ್ಕೆ ಏಳು ಲೀಟರ್. ತಲಾ ಎರಡು ನಿಮಿಷ. ನಾವು ನಾಲ್ಕು ಜನ: ನಾನು, ಗಂಡ ಇಗ್ಸಾನ್, ಹದಿನೇಳರ ಮಗಳು ನುರಾನ್, ಅತ್ತೆ. ಐವತ್ತಾರು ಲೀಟರ್. ನಾನು ಬಚ್ಚಲ ಬಾಗಿಲ ಹೊರಗೆ ಮೊಟ್ಟೆ ಬೇಯಿಸುವ ಟೈಮರ್ ಹಿಡಿದು ಕೂರುತ್ತಿದ್ದೆ. ಅದು ಟಿಣ್ ಎಂದ ಕೂಡಲೆ ಬಾಗಿಲು ಬಡಿಯುತ್ತಿದ್ದೆ. ಮೀಯುವವರು ದೊಡ್ಡ ಪ್ಲಾಸ್ಟಿಕ್ ಬೋಗುಣಿಯಲ್ಲಿ ನಿಂತು ಮೀಯಬೇಕು. ಬೋಗುಣಿಗೆ ಬಿದ್ದ ನೀರನ್ನು ಹಿತ್ತಲ ಡ್ರಮ್ಮಿಗೆ ಸುರಿಯಬೇಕು, ಕಕ್ಕಸಿಗೆ ಅದೇ ನೀರು. ಮೈಗೆ ಅಂಟಿದ್ದು, ಆಚೆ ಸಿಡಿದದ್ದು ತಲೆಗೆ ಎರಡು ಲೀಟರ್ ಕಳೆದರೆ ಡ್ರಮ್ಮಿನಲ್ಲಿ ದಿನಕ್ಕೆ ನಲವತ್ತೆಂಟು ಲೀಟರ್ ಸೇರಬೇಕು. ಡ್ರಮ್ಮಿನ ಒಳಮೈಗೆ ಉಗುರಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ಗೆರೆ ಎಳೆದಿದ್ದೆ.

"ಇವಳು ಅಲ್ಲಾಹನ ಹತ್ರ ಹೋದ್ಮೇಲೂ ಟೈಮರ್ ಹಿಡ್ಕೊಂಡೇ ಇರ್ತಾಳೆ" ಎಂದು ಇಗ್ಸಾನ್ ಆಡಿಕೊಳ್ಳುತ್ತಿದ್ದ.

"ಇರ್ಲಿ ಬಿಡೋ. ಅಲ್ಲಿ ಹೊಳೆ ಹರೀತಾವಂತೆ, ಇವಳಿಗೆ ಕೈತುಂಬ ಕೆಲ್ಸ" ಎನ್ನುತ್ತಿದ್ದರು ಅತ್ತೆ.

ಈ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮವರು, ಕೇಪಿನ ಮುಸ್ಲಿಮರು, ಹೆಣ ತೊಳೆಯುವವರನ್ನು ತೂಕಮಾಂಡಿ ಎನ್ನುತ್ತಾರೆ. ಅತ್ತೆ ಹತ್ತೊಂಬತ್ತನೇ ವಯಸ್ಸಿನಲ್ಲಿ ತಮ್ಮ ತಾಯಿಯ ಹಿಂದೆ ಜಗ್ಗು ಹಿಡಿದು ಹೋದವರು ಮತ್ತೆ ಬಿಟ್ಟವರಲ್ಲ. ಯಾರ ಮನೆಯಿಂದಲೂ ಒಂದು ಕಾಸು ಮುಟ್ಟಿದವರಲ್ಲ. ಎಷ್ಟು ಜನರನ್ನು ತೊಳೆದಿದ್ದೀರಿ ಎಂದು ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಕೇಳಿದ್ದೆ. ಎಣಿಸಿಲ್ಲ, ಎಣಿಸಿದರೆ ಜಂಬ ಬರುತ್ತದೆ ಎಂದಿದ್ದರು. ಭಾನುವಾರ ಬೆಳಿಗ್ಗೆ ಕೂಕ್‌ಸಿಸ್ಟರ್ ಕರಿದು ಸಕ್ಕರೆ ಪಾಕಕ್ಕೆ ಹಾಕುತ್ತಿರುವಾಗ ಯಾರಾದರೂ ಬಾಗಿಲು ತಟ್ಟಿದರೆ, ಒಲೆ ಆರಿಸಿ, ಬಾಣಲೆ ಹಾಗೆಯೇ ಬಿಟ್ಟು ಹೊರಟುಬಿಡುತ್ತಿದ್ದರು. ಅರ್ಧ ಬೆಂದ ಹಿಟ್ಟಿನೊಂದಿಗೆ ನಾನು ಗುದ್ದಾಡಬೇಕು. ಎಷ್ಟು ಸಲ ಬೈದುಕೊಂಡಿದ್ದೇನೋ ಲೆಕ್ಕವಿಲ್ಲ.

ಅವರದೊಂದು ಪದ್ಧತಿ ಇತ್ತು. ತೊಳೆಯಲು ಹೋಗುವ ಮುಂಚೆ ಒಂದು ಸ್ನಾನ, ತೊಳೆದು ಬಂದ ಮೇಲೆ ತಲೆಯಿಂದ ಇನ್ನೊಂದು ಸ್ನಾನ. ಹೆಣ ತೊಳೆದವರು ತಾವೂ ಮೀಯಬೇಕು ಎನ್ನುತ್ತಾರಲ್ಲ, ಅದನ್ನು ಅವರು ಯಾವತ್ತೂ ತಪ್ಪಿಸಿದವರಲ್ಲ. ನೀರು ಕಟ್ಟು ಆದ ವಾರವೇ ನಾನು ಹೇಳಿಬಿಟ್ಟೆ: "ಮಾ, ಇನ್ಮೇಲೆ ನಿಮಗೂ ದಿನಕ್ಕೆ ಒಂದೇ ಸ್ನಾನ. ಮುಂಚಿಂದೋ ಆಮೇಲಿಂದೋ, ನೀವೇ ನೋಡ್ಕೊಳ್ಳಿ."

"ಆಮೇಲಿಂದೇ ಸಾಕು. ಮುಂಚೆ ವುಜೂ ಮಾಡ್ಕೊಂಡು ಹೋಗ್ತೀನಿ" ಎಂದರು. ಒಂದು ಮಾತು ಎದುರಾಡಲಿಲ್ಲ. ಗೆದ್ದೆ ಎಂದುಕೊಂಡೆ ನಾನು.

ಲತೀಫಾ ಅವರನ್ನು ಮಣ್ಣು ಮಾಡಿ ಎರಡು ವಾರವಾಗಿರಬೇಕು, ಡ್ರಮ್ಮಿನ ನೀರು ಗೆರೆ ಮುಟ್ಟದೆ ಹೋಯಿತು. ನಲವತ್ತೆಂಟಿರಬೇಕಾದದ್ದು ನಲವತ್ತಮೂರು. ಮಾರನೆಯ ದಿನವೂ ನಲವತ್ತಮೂರು. ಮೂರನೆಯ ದಿನವೂ ಅಷ್ಟೇ. ಮೀಟರಿನಲ್ಲಿ ವ್ಯತ್ಯಾಸವಿಲ್ಲ, ಸ್ನಾನಕ್ಕೆ ಐವತ್ತಾರು ಲೀಟರೇ ಹೋಗಿದೆ. ಟೈಮರು ಸರಿಯಿದೆ. ಡ್ರಮ್ಮು ಸೋರುತ್ತದೆಯೇ ಎಂದು ಸುತ್ತ ಒಣ ಬಟ್ಟೆ ಹಾಸಿ ನೋಡಿದೆ, ಬಟ್ಟೆ ಒಣಗಿಯೇ ಇತ್ತು. ಹಾಗಾದರೆ ಬಚ್ಚಲಿಗೂ ಡ್ರಮ್ಮಿಗೂ ನಡುವೆ ದಿನಕ್ಕೆ ಐದು ಲೀಟರ್ ಎಲ್ಲಿಗೆ ಹೋಗುತ್ತದೆ? ಐದು ಲೀಟರ್ ಎಂದರೆ ಈಗ ಏನು ಮಹಾ ಎನ್ನಿಸಬಹುದು. ಆ ಬೇಸಿಗೆಯಲ್ಲಿ ಅದು ಒಬ್ಬರ ಒಂದು ದಿನದ ಪಾಲಿನಲ್ಲಿ ಹತ್ತರಲ್ಲೊಂದು. ನನಗೆ ನಿದ್ದೆ ಕೆಟ್ಟಿತು. ನನ್ನ ಮನೆಯಲ್ಲೇ, ನನ್ನ ಮೂಗಿನ ಕೆಳಗೇ ಯಾರೋ ನೀರು ಕದಿಯುತ್ತಿದ್ದಾರೆ ಎಂಬುದು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಕೂತುಬಿಟ್ಟಿತು.

ಗಂಡನ ಬೋಗುಣಿಯನ್ನು ಅಳೆದೆ. ಹನ್ನೆರಡು ಲೀಟರ್, ಸರಿ. ನನ್ನದಂತೂ ಸರಿಯೇ. ಉಳಿದದ್ದು ಇಬ್ಬರದು. ಅತ್ತೆಗೆ ಆ ತಿಂಗಳು ನಿಶ್ಶಕ್ತಿ, ಬೋಗುಣಿ ಎತ್ತಲಾಗದು ಎಂದು ಅವರದನ್ನೂ ನುರಾನೇ ಹೊತ್ತುಕೊಂಡು ಹೋಗಿ ಸುರಿಯುತ್ತಿದ್ದಳು. ಎರಡು ಬೋಗುಣಿ ಅವಳ ಕೈಯಲ್ಲಿ. ಇನ್ನು ಯಾರನ್ನು ಹಿಡಿಯಬೇಕು ಎಂಬುದಕ್ಕೆ ಲೆಕ್ಕದ ಟೀಚರೇ ಬೇಕಿರಲಿಲ್ಲ.

ನುರಾನಳ ಕೂದಲು ಸೊಂಟದ ಕೆಳಗಿತ್ತು. ನಮ್ಮ ಬೀದಿಯಲ್ಲಿ ಅಂಥ ಕೂದಲು ಇನ್ನೊಂದಿರಲಿಲ್ಲ. ಅವಳ ಅಜ್ಜಿಗೆ ಆ ಕೂದಲೆಂದರೆ ಪ್ರಾಣ. ಎರಡು ವರ್ಷದ ಕೂಸಿನಿಂದ ಬಾಚಿ ಹೆಣೆದವರು ಅವರೇ.

ಒಂದು ಶನಿವಾರ ಬೆಳಿಗ್ಗೆ ಅತ್ತೆ ಎರಡು ಬೀದಿ ಆಚೆ ತೀರಿಕೊಂಡ ಒಬ್ಬ ಬಾಣಂತಿಯನ್ನು ತೊಳೆಯಲು ಹೋಗಿದ್ದರು. ನಿಶ್ಶಕ್ತಿಯಿದ್ದರೂ ಬೇರೆ ಯಾರೂ ಸಿಗಲಿಲ್ಲವೆಂದು ಹೋಗಿದ್ದರು. ನಾನು ಮಗಳನ್ನು ಹಿತ್ತಲಲ್ಲಿ ಡ್ರಮ್ಮಿನ ಪಕ್ಕ ನಿಲ್ಲಿಸಿಕೊಂಡೆ.

"ಗೆರೆ ಎಲ್ಲಿದೆ, ನೀರು ಎಲ್ಲಿದೆ, ನೋಡು."

ಬಗ್ಗಿ ನೋಡಿದಳು.

"ಒಂಬತ್ತು ದಿನ ಆಯ್ತು ನುರಾನ್. ಐದು ಲೀಟರ್ ಏನ್ಮಾಡ್ತಿದೀಯ?"

"ಏನಿಲ್ಲ ಮಮ್ಮಿ."

"ಏನಿಲ್ಲ ಅಂದ್ರೆ ಗಾಳಿ ಕುಡೀತಾ? ನಿಜ ಹೇಳು."

ಅವಳು ಅಜ್ಜಿಯ ಕೋಣೆಯ ಕಿಟಕಿಯ ಕಡೆ ಒಮ್ಮೆ ನೋಡಿದಳು. ಅದನ್ನು ನಾನು ಕಂಡೆ. ಕಂಡೂ ಅರ್ಥ ಮಾಡಿಕೊಳ್ಳಲಿಲ್ಲ. ಆಮೇಲೆ ತಲೆ ತಗ್ಗಿಸಿ ಹೇಳಿದಳು: "ಕೂದ್ಲಿಗೆ. ಎರಡು ನಿಮಿಷದಲ್ಲಿ ಸಾಬೂನು ಹೋಗಲ್ಲ. ಹಿತ್ಲಲ್ಲಿ ಇನ್ನೊಂದ್ಸಲ ತೊಳ್ಕೊಳ್ತೀನಿ."

"ಮನೇಲಿ ಕುಡಿಯೋಕೆ ನೀರಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದೆ. ಇನ್ನೂ ಏನೇನೋ ಅಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಸ್ವಾರ್ಥಿ ಅಂದೆ, ಕಳ್ಳಿ ಅಂದೆ. ಅವಳು ಅಳಲಿಲ್ಲ, ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು. "ಹಂಗಾದ್ರೆ ಆ ಕೂದಲೇ ಬೇಡ" ಎಂದು ಹೊಲಿಗೆ ಕತ್ತರಿ ತಂದೆ.

ಅವಳು ಒಂದೇ ಒಂದು ಸಲ "ಬೇಡ ಮಮ್ಮಿ, ಕನಾಲಾ" ಎಂದಳು. ದಯವಿಟ್ಟು ಎಂಬುದಕ್ಕೆ ನಮ್ಮವರ ಮಾತು ಅದು. ಆಮೇಲೆ ತಾನೇ ಬೆನ್ನು ತಿರುಗಿಸಿ ಕೂತಳು. ಜಡೆ ದಪ್ಪವಿತ್ತು, ಕತ್ತರಿ ಒಂದೇ ಏಟಿಗೆ ಹೋಗಲಿಲ್ಲ. ಅಗಿದು ಅಗಿದು ಕತ್ತರಿಸಬೇಕಾಯಿತು. ಕೈಗೆ ಬಂದಾಗ ಅದರ ಭಾರ ನೋಡಿ ಗಾಬರಿಯಾಯಿತು. ಆದರೂ ತಪ್ಪು ಮಾಡಿದೆ ಎಂದು ಆಗ ಅನ್ನಿಸಲಿಲ್ಲ. ಸುಳ್ಳು ಹೇಳಬಾರದು, ಲೆಕ್ಕ ಸರಿಹೋಯಿತು ಎಂದೇ ಅನ್ನಿಸಿತು.

ಅತ್ತೆ ಹನ್ನೊಂದು ಗಂಟೆಗೆ ಬಂದರು. ಗೋಡೆ ಹಿಡಿದು ಹಿಡಿದು ಬಂದರು. ನುರಾನ್ ಅಡುಗೆಮನೆಯ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಿದ್ದಳು, ಬೋಳು ಕುತ್ತಿಗೆ ಕಾಣುತ್ತಿತ್ತು. ಅತ್ತೆ ನಿಂತಲ್ಲೇ ನಿಂತರು. ಲತೀಫಾ ಅವರ ಮನೆಯಲ್ಲಿ ನೊರೆ ಹಿಡಿದು ನಿಂತಿದ್ದರಲ್ಲ, ಥೇಟ್ ಹಾಗೆ.

"ಯಾರು ಮಾಡಿದ್ದು ಇದು?"

"ನಾನೇ" ಎಂದೆ. "ದಿನಾ ಐದು ಲೀಟರ್ ಕದೀತಿದ್ಳು ಮಾ. ಕೂದಲು ತೊಳ್ಕೊಳೋಕೆ. ಅವಳೇ ಒಪ್ಕೊಂಡ್ಳು."

ಅತ್ತೆ ಮೊಮ್ಮಗಳ ಕುತ್ತಿಗೆಯ ಮೇಲೆ ಕೈಯಿಟ್ಟರು. "ಹಂಗಂತ ಹೇಳಿದ್ಯಾ ಮಗೂ?" ಎಂದು ಕೇಳಿದರು. ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ಆಗ ಅಳು ಬಂತು ಅವಳಿಗೆ.

ಅತ್ತೆ ತಮ್ಮ ಕೋಣೆಗೆ ಹೋದರು. ಮಂಚದ ಕೆಳಗಿಂದ ಏನೋ ಎಳೆಯುವ ಸದ್ದು ಕೇಳಿ ನಾನು ಹಿಂದೆ ಹೋದೆ. ಮೊಣಕಾಲೂರಿ ಕೂತು ಒಂದೊಂದೇ ಬಾಟಲಿ ಹೊರಗೆ ತೆಗೆಯುತ್ತಿದ್ದರು. ಐದು ಲೀಟರಿನವು. ಮುಚ್ಚಳಕ್ಕೆ ಬಿಳಿ ಬಟ್ಟೆ ಕಟ್ಟಿತ್ತು. ಒಂದು, ಎರಡು, ಮೂರು. ಒಂಬತ್ತು ಆದವು.

"ತಗೋ, ಅಳೆದುಕೋ. ನಿನ್ನ ಕಳ್ಳಿ ನಾನು."

"ಯಾಕೆ ಮಾ?" ಎಂದದ್ದು ನನಗೇ ಕೇಳಿಸಲಿಲ್ಲ.

"ಲತೀಫಾ ಮೈಮೇಲೆ ನೊರೆ ಒಣಗಿದ್ದು ನೋಡ್ದೆ ತಾನೆ? ನಾನು ಹಂಗೆ ಮಲಗಿರೋಕೆ ತಯಾರಿಲ್ಲ ಫಲ್ದೀಲಾ. ನನ್ನ ಪಾಲಿನ ಸ್ನಾನದಲ್ಲೇ ಉಳಿಸಿದ್ದು. ಅರ್ಧ ಮಿಂದು, ಮಿಕ್ಕಿದ್ದನ್ನ ಶವರಿನ ಕೆಳಗೇ ಹಿಡಿದಿಟ್ಟೆ. ಮನೆ ನೀರು ಮುಟ್ಟಿಲ್ಲ. ನಿನ್ನ ಕಕ್ಕಸಿಗೆ ಒಂದು ಬಕೆಟ್ಟು ಕಮ್ಮಿ ಆಯ್ತು, ಅಷ್ಟೇ."

"ಆದ್ರೆ ಈಗ್ಲೇ ಯಾಕೆ? ನಿಮಗೇನಾಗಿದೆ?"

ಅವರು ಒಂದು ಬಾಟಲಿಯ ಬಟ್ಟೆಯನ್ನು ಬಿಗಿದು ಕಟ್ಟತೊಡಗಿದರು. ಬಾಗಿಲ ಹತ್ತಿರ ನಿಂತಿದ್ದ ನುರಾನ್ ಹೇಳಿದಳು. ತಿಂಗಳ ಹಿಂದೆ ಅಜ್ಜಿಯ ಜೊತೆ ಆಸ್ಪತ್ರೆಗೆ ಹೋದವಳು ಅವಳೇ. ಹೊಟ್ಟೆಯೊಳಗೆ ಗಡ್ಡೆ, ಕೈಮೀರಿದೆ, ಚಳಿಗಾಲದವರೆಗೆ ಬಂದರೆ ಹೆಚ್ಚು ಎಂದಿದ್ದರಂತೆ. ರಂಜಾನ್ ಬರುವವರೆಗೆ ಮನೆಯಲ್ಲಿ ಯಾರಿಗೂ ಹೇಳಬಾರದು ಎಂದು ಅಜ್ಜಿ ಮಾತು ತೆಗೆದುಕೊಂಡಿದ್ದರಂತೆ. ದಿನವೂ ಬಾಟಲಿಯನ್ನು ಬಕೆಟ್ಟಿನಲ್ಲಿಟ್ಟು, ಮೇಲೆ ಟವೆಲ್ಲು ಹಾಕಿ ನನ್ನ ಎದುರೇ ದಾಟಿಸಿದ್ದು ನನ್ನ ಮಗಳೇ. ನಾನು ಕೈಯಲ್ಲಿ ಟೈಮರ್ ಹಿಡಿದು ಕೂತಿದ್ದೆ.

ಗೋಡೆಗೆ ಒರಗಿ ಹಾಗೇ ಕೂತುಬಿಟ್ಟೆ. ಕತ್ತರಿ ಇನ್ನೂ ಏಪ್ರನ್ನಿನ ಜೇಬಿನಲ್ಲಿತ್ತು. ಗಡ್ಡೆಯ ಮಾತಿಗೆ ಅಳಬೇಕೋ, ಮಗಳ ಕಾಲು ಹಿಡಿಯಬೇಕೋ, ಇಷ್ಟು ದಿನ ನನ್ನಿಂದ ಮುಚ್ಚಿಟ್ಟರಲ್ಲ ಎಂದು ಜಗಳಕ್ಕೆ ನಿಲ್ಲಬೇಕೋ ಒಂದೂ ತಿಳಿಯಲಿಲ್ಲ. ನನ್ನ ಅಂಕಿ ಒಂದೂ ತಪ್ಪಿರಲಿಲ್ಲ. ಐದಕ್ಕೆ ಐದೇ ಲೀಟರ್ ಹೋಗಿತ್ತು. ಆದರೂ ನಾನು ಮಾಡಿದ್ದೆಲ್ಲ ತಪ್ಪಾಗಿತ್ತು.

"ಐದು ಲೀಟರ್ ನೀರಿಗೆ ಮಗೂ ಜಡೆ ಕತ್ತರಿಸಿಬಿಟ್ಯಲ್ಲೇ" ಎಂದರು ಅತ್ತೆ. ಬೈಗುಳವಿರಲಿಲ್ಲ ಆ ದನಿಯಲ್ಲಿ, ಆಶ್ಚರ್ಯವಿತ್ತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆಮೇಲೆ ಬಾಟಲಿಗಳನ್ನು ಮತ್ತೆ ಮಂಚದ ಕೆಳಗೆ ತಳ್ಳುತ್ತ ಹೇಳಿದರು: "ಇನ್ನೊಂದು ಬೇಕು."

"ಯಾಕೆ ಮಾ? ನಲವತ್ತೈದು ಲೀಟರ್ ಇದೆ. ಮೂರು ಸಲ ತೊಳೆಯೋಕೆ ಸಾಕಾಗಲ್ವಾ?"

"ತೊಳೆಯೋಕೆ ಸಾಕು. ಇನ್ನೊಂದು ಬೇಕು."

"ಹಂಗಾದ್ರೆ ನನ್ನ ಸ್ನಾನದಿಂದ ತುಂಬಿಸ್ತೀನಿ. ನಾಳೆಯಿಂದ ನಾನು ಒಂದೇ ನಿಮಿಷ ಮೀಯ್ತೀನಿ."

"ಬೇಡ. ನಿನ್ನ ಪಾಲು ನಿನಗಿರ್ಲಿ. ಇವತ್ತು ಬಾಣಂತಿನ ತೊಳೆದು ಬಂದಿದೀನಿ, ನಂದಿನ್ನೂ ಸ್ನಾನ ಆಗಿಲ್ಲ. ಟೈಮರ್ ತಗೊಂಡ್ಬಾ."

ತಂದೆ. ಬಾಗಿಲ ಹೊರಗೆ ಕೂತೆ. ನುರಾನ್ ಒಳಗೆ ಅಜ್ಜಿಯನ್ನು ಹಿಡಿದುಕೊಂಡಿದ್ದಳು. ನೀರು ಬೋಗುಣಿಗೆ ಬೀಳುವ ಸದ್ದು ನಿಂತು ಬಾಟಲಿಗೆ ಬೀಳುವ ಸದ್ದು ಶುರುವಾದದ್ದು ಆವತ್ತು ನನಗೆ ಸ್ಪಷ್ಟವಾಗಿ ಕೇಳಿಸಿತು. ಇಷ್ಟು ದಿನವೂ ಅದು ಕೇಳುವಂತೆಯೇ ಇತ್ತು. ನಾನು ಕೇಳುತ್ತಿದ್ದದ್ದು ಟೈಮರನ್ನು ಮಾತ್ರ. ಟಿಣ್ ಎಂದಾಗ ಬಾಗಿಲು ಬಡಿಯಲಿಲ್ಲ.

ಆ ರಂಜಾನನ್ನು ಅತ್ತೆ ಕಾಣಲಿಲ್ಲ. ನಲ್ಲಿಗಳೆಲ್ಲ ನಿಲ್ಲುವ ದಿನ, ರೇಡಿಯೋದವರ ಸೊನ್ನೆ ದಿನ, ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು, ಮಳೆ ಮಾತ್ರ ಬರಲಿಲ್ಲ. ಏಪ್ರಿಲ್ ಕೊನೆಯ ಒಂದು ಮುಂಜಾನೆ, ಬಾಂಗ್ ಆಗುವ ಹೊತ್ತಿಗೆ ಹೋಗಿಬಿಟ್ಟರು. ಅದಕ್ಕೆ ಮುಂಚೆ ಒಂದು ತಿಂಗಳು ಮಂಚದ ಮೇಲೆ ಮಲಗಿಕೊಂಡೇ ನುರಾನಳಿಗೆ ತೊಳೆಯುವ ಕ್ರಮ ಕಲಿಸಿದರು. ದಿಂಬೊಂದನ್ನು ಮಲಗಿಸಿ, ಬಲಗಡೆ ಮೊದಲು, ಎಡಗಡೆ ಆಮೇಲೆ, ನೀರು ಹೀಗೆ ಸುರಿ, ಬಟ್ಟೆ ಜಾರಲು ಬಿಡಬೇಡ, ಸತ್ತವರಿಗೂ ಮಾನ ಇರುತ್ತದೆ ಎಂದು ಹೇಳಿಕೊಡುತ್ತಿದ್ದರು. ತನ್ನನ್ನು ತೊಳೆಯುವವರು ನುರಾನ್ ಮತ್ತು ಫಲ್ದೀಲಾ, ಬೇರೆ ಯಾರನ್ನೂ ಕರೆಯಬೇಡಿ ಎಂದು ಮಗನಿಗೆ ಹೇಳಿ ಹೋಗಿದ್ದರು. ನಾನು ಹೆಣ ಮುಟ್ಟಿದವಳೇ ಅಲ್ಲ. ಅಡುಗೆಮನೆಯಿಂದ ನೀರು ಕೊಟ್ಟವಳು, ಅಷ್ಟೇ.

ಅವತ್ತು ಬೆಳಿಗ್ಗೆಯೇ ನಾನು ಮತ್ತೆ ಲೆಕ್ಕ ಹಾಕಿದೆ. ಬುದ್ಧಿ ಬಂದಿತ್ತಲ್ಲ, ಈ ಸಲ ಬರುವವರನ್ನೂ ಎಣಿಸಿದೆ. ನಲವತ್ತು ಜನ ಬರಬಹುದು, ವುಜೂವಿಗೆ ತಲಾ ಎರಡು ಲೀಟರ್, ಎಂಬತ್ತು. ಚಾ, ಲೋಟ ತೊಳೆಯುವುದು ಅರವತ್ತು. ಮನೆಯವರದು ಐವತ್ತು. ಒಟ್ಟು ನೂರ ತೊಂಬತ್ತು. ಮುನ್ನೂರೈವತ್ತರಲ್ಲಿ ಇನ್ನೂ ಬೇಕಾದಷ್ಟು ಮಿಗುತ್ತದೆ, ಬಾಟಲಿ ಮುಟ್ಟಬೇಕಾಗಿಯೇ ಬರುವುದಿಲ್ಲ ಎಂದುಕೊಂಡೆ. ಅಂದಾಜು ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದ್ದೆ ಕೂಡ.

ಬಂದವರು ನಲವತ್ತಲ್ಲ. ಏಳು ಗಂಟೆಗೆ ಅಂಗಳ ತುಂಬಿತು, ಎಂಟಕ್ಕೆ ಬೀದಿ ತುಂಬಿತು. ನನಗೆ ಗುರುತೇ ಇಲ್ಲದವರು ಬಂದು ಬಂದು ಹೇಳುತ್ತಿದ್ದರು: "ನಮ್ಮಮ್ಮನ್ನ ಅವರೇ ತೊಳೆದಿದ್ದು." "ನಮ್ಮ ತಂಗಿನ ಅವರೇ ಮಾಡಿದ್ದು." ಒಬ್ಬ ಮುದುಕ, ಊರುಗೋಲು ಹಿಡಿದವನು, "ನನ್ನ ಮೂರು ದಿನದ ಮಗಳನ್ನ. ಮೂವತ್ತೊಂದು ವರ್ಷ ಆಯ್ತು" ಎಂದ. ಐವತ್ತೆರಡು ವರ್ಷ ಅತ್ತೆ ಎಣಿಸದೆ ಬಿಟ್ಟವರ ಮನೆಯವರೆಲ್ಲ ನಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಎಲ್ಲರೂ ವುಜೂ ಮಾಡಿದರು. ಹಿತ್ತಲ ನಲ್ಲಿಯ ಮುಂದಿನ ಸಾಲು ನೋಡುತ್ತ ನಾನು ತಲೆ ಎಣಿಸತೊಡಗಿದೆ. ದೇವರ ಹೆಸರಿನಲ್ಲಿ ಕೈಕಾಲು ತೊಳೆಯುವವರಿಗೆ ಸಾಕು ನಿಲ್ಲಿಸಿ ಎಂದು ಯಾವ ಬಾಯಲ್ಲಿ ಹೇಳುವುದು?

ಒಂಬತ್ತೂವರೆಗೆ, ನಾವು ಅತ್ತೆಯನ್ನು ಹಲಗೆಯ ಮೇಲೆ ಮಲಗಿಸಿ, ಬಟ್ಟೆ ಹೊದಿಸಿ, ನಾನು ಬಕೆಟ್ಟು ಒಡ್ಡಿದಾಗ ನಲ್ಲಿ ಕೊಸಕೊಸ ಎಂದು ಉಸಿರು ಬಿಟ್ಟು ನಿಂತಿತು.

ಕಣ್ಣ ಮುಂದೆ ಲತೀಫಾ ಅವರ ಕಾಲ್ಬೆರಳು ಬಂತು. ನುರಾನ್ ಗಾಬರಿಯಾಗಲಿಲ್ಲ. "ಮಂಚದ ಕೆಳಗಿಂದ ತಗೊಂಡ್ಬಾ ಮಮ್ಮಿ" ಎಂದಳು, ದೊಡ್ಡವಳ ಹಾಗೆ.

ಒಂದೊಂದೇ ತಂದೆ. ಅವಳು ಹೇಳಿದಂತೆ ನಾನು ಸುರಿದೆ. ಮೊದಲನೆಯ ಸಲಕ್ಕೆ ಮೂರು ಬಾಟಲಿ. ಬಲಗಡೆ, ಆಮೇಲೆ ಎಡಗಡೆ. ಅತ್ತೆಯ ಭುಜ ಅಷ್ಟೊಂದು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಬಚ್ಚಲಿನಲ್ಲಿ ಮಿಂದಿದ್ದೆವು. ಎರಡನೆಯ ಸಲಕ್ಕೆ ಇನ್ನು ಮೂರು. ಸಾಬೂನು ಪೂರ್ತಿ ಹೋಯಿತು. ಕರ್ಪೂರ ಕಲಸಿದ ಕೊನೆಯ ಮೂರರಲ್ಲಿ ಒಂದನ್ನು ತಲೆಗೆ ಇಟ್ಟುಕೊಂಡು, ನುರಾನ್ ಅಜ್ಜಿಯ ನರೆಗೂದಲನ್ನು ಬಿಡಿಸಿ, ತೊಳೆದು, ಬಾಚಿ, ನಮ್ಮ ಕ್ರಮದಂತೆ ಮೂರು ಜಡೆ ಹೆಣೆದಳು. ಹೆಣೆಯುವಾಗ ಅವಳದೇ ಕೂದಲು, ಕಿವಿಯವರೆಗೆ ಉಳಿದದ್ದು, ಕಣ್ಣಿಗೆ ಬೀಳುತ್ತಿತ್ತು. ಅವಳ ಎರಡೂ ಕೈ ಒದ್ದೆ. ನಾನು ಅದನ್ನು ಕಿವಿಯ ಹಿಂದಕ್ಕೆ ಸರಿಸಿದೆ. ಅವಳು ನನ್ನನ್ನು ನೋಡಲಿಲ್ಲ. ತಲೆಯನ್ನು ಸರಿಸಿಕೊಳ್ಳಲೂ ಇಲ್ಲ.

ಒಂಬತ್ತನೆಯ ಬಾಟಲಿಯ ಕೊನೆಯ ಹನಿಗೆ ಕೆಲಸ ಮುಗಿಯಿತು. ಒಂದು ಲೋಟ ಹೆಚ್ಚಿರಲಿಲ್ಲ, ಒಂದು ಲೋಟ ಕಡಿಮೆ ಬೀಳಲಿಲ್ಲ. ನೂರ ತೊಂಬತ್ತು ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದವಳು ನಾನು.

ಗಂಡಸರು ಹೊತ್ತುಕೊಂಡು ಹೋದ ಮೇಲೆ ಮನೆ ಖಾಲಿಯಾಯಿತು. ಒದ್ದೆ ನೆಲ ಒರೆಸಲು ಅತ್ತೆಯ ಕೋಣೆಗೆ ಹೋದರೆ ಮಂಚದ ಕೆಳಗೆ ಹತ್ತನೆಯ ಬಾಟಲಿ ಹಾಗೆಯೇ ಇತ್ತು. ಬಾಣಂತಿಯನ್ನು ತೊಳೆದು ಬಂದ ದಿನ ನಾನು ಟೈಮರ್ ಹಿಡಿದು ಕೂತಿದ್ದಾಗ ತುಂಬಿಸಿದ್ದು.

"ನೋಡು ನುರಾನ್" ಎಂದೆ, "ಅಜ್ಜೀನೂ ಒಂದು ಕಡೆ ತಪ್ಪು ಅಂದಾಜು ಮಾಡಿದ್ರು. ಐದು ಲೀಟರ್ ಮಿಕ್ಕಿದೆ."

"ಮಿಕ್ಕಿಲ್ಲ" ಎಂದಳು ನನ್ನ ಮಗಳು. "ಮಯ್ಯತ್ ತೊಳೆದೋರು ಆಮೇಲೆ ತಲೆಯಿಂದ ಮೀಯಬೇಕಲ್ಲ. 'ಆ ಹೊತ್ತಿಗೆ ನಲ್ಲಿ ನಿಂತಿರತ್ತೆ, ನಿಮ್ಮಮ್ಮ ಲೆಕ್ಕದಲ್ಲಿ ತನ್ನನ್ನೇ ಎಣಿಸಿರಲ್ಲ, ಇದು ಅವಳಿಗೆ' ಅಂತ ನನಗೆ ಹೇಳಿ ಅಜ್ಜಿ ಇಟ್ಟಿದ್ದಾರೆ."

"ಮತ್ತೆ ನಿಂಗೆ?"

"ನಂದು ಗಿಡ್ಡ ಕೂದಲು. ಮೊದಲೆರಡು ಲೀಟರ್ ನೀನು ಸುರಿ, ಸಾಕು ನಂಗೆ."

ಅತ್ತೆಯ ಬಾಟಲಿ ಎತ್ತಿಕೊಂಡು ಇಬ್ಬರೂ ಬಚ್ಚಲಿಗೆ ಹೋದೆವು. ಮೊದಲು ಮಗಳ ತಲೆಗೆ ಸುರಿದೆ. ಉಳಿದದ್ದನ್ನು ಅವಳು ನನ್ನ ತಲೆಗೆ ಸುರಿದಳು. ಟೈಮರ್ ಅಡುಗೆಮನೆಯಲ್ಲೇ ಇತ್ತು. ಬೋಗುಣಿ ಇಡಲು ನಾನು ಮರೆತಿದ್ದೆ.